ಚೀಲದ ಅಡಿಯ ಒಂದು ಮುಷ್ಟಿ ಜೋಳ

ಹೋದ ಭಾನುವಾರ ಅಕ್ಕನ ಮಗ ಚಿತ್ರದುರ್ಗದಿಂದ ಫೋನ್ ಮಾಡಿದ್ದ. ಅಲ್ಲಿ ಒಂದು ಕಟ್ಟಡದ ಕೆಲಸದಲ್ಲಿ ಸೈಟ್ ಎಂಜಿನಿಯರ್. ಸೇರಿ ಆರು ತಿಂಗಳೂ ಆಗಿಲ್ಲ. "ಮಾವ, ಎಲ್ಲರೂ ಸಹಿ ಹಾಕಿದ್ದಾರೆ. ನಾನೊಬ್ಬನೇ ಉಳಿದಿರೋದು. ಹಾಕಿಬಿಡ್ಲಾ?" ಅಂದ.

ಕಾಂಕ್ರೀಟ್ ಹಾಕುವಾಗ ಅದೇ ಮಾಲಿನಿಂದ 150 ಮಿಲಿಮೀಟರಿನ ಕ್ಯೂಬ್ ಮಾಡಿ ನೀರಿನ ತೊಟ್ಟಿಯಲ್ಲಿ ಇಡುತ್ತಾರೆ. 7ನೇ ದಿನ ಕೆಲವು, 28ನೇ ದಿನ ಕೆಲವು ಮಷೀನಿನಲ್ಲಿ ಒಡೆದು ನೋಡುತ್ತಾರೆ. ಎಂ-25 ಕಾಂಕ್ರೀಟ್ ಅಂದರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಭಾರ ತಡೆಯಬೇಕು. ಇವನ ತೊಟ್ಟಿಯಲ್ಲಿರುವ ಕ್ಯೂಬಿಗೆ ಅವತ್ತು 15 ದಿನ. ಆದರೆ 28ನೇ ದಿನದ ರಿಪೋರ್ಟ್ ಆಗಲೇ ಟೈಪಾಗಿ ಬಂದಿತ್ತು. ಸಹಿ ಕೇಳುತ್ತಿದ್ದದ್ದು ಅದಕ್ಕೇ.

ಅವನಿಗೆ ತಕ್ಷಣ ಉತ್ತರ ಕೊಡಲಿಲ್ಲ. ನನ್ನದೇ ಒಂದು ಹಳೇ ವಿಷಯ ನೆನಪಾಯಿತು. ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಬಿಕಾಂ ಮುಗಿಸಿ ನಾನು ದಾವಣಗೆರೆಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಕೆಲಸ ಕೊಡಿಸಿದ್ದು ನಮ್ಮ ಭಾವ. ಮೆಕ್ಕೆಜೋಳದ ಸೀಜನ್. ನವೆಂಬರ್‌ನಲ್ಲಿ ಮಳೆ ಬಂದಿತ್ತು. ರೈತರು ರಸ್ತೆ ಮೇಲೆ ಜೋಳ ಹರವಿ, ಮೋಡ ಕಂಡ ಕೂಡಲೇ ಬಾಚಿ, ತಾಡಪಾಲು ಮುಚ್ಚಿ, ಮತ್ತೆ ಹರವಿ, ಹಂಗೂ ಹಿಂಗೂ ಒಣಗಿಸಿಕೊಂಡು ಬರುತ್ತಿದ್ದರು. ಮೀಟರಿನಲ್ಲಿ ತೇವಾಂಶ ನೋಡಿ ಬರೆಯುವುದು ನನ್ನ ಕೆಲಸ. ಬೆಂಬಲ ಬೆಲೆಯ ಖರೀದಿಗೂ ತೇವಾಂಶ 14 ಪರ್ಸೆಂಟ್ ದಾಟಬಾರದು. ಹೊರಗಿನ ವ್ಯಾಪಾರದಲ್ಲೂ ಅದೇ ಲೆಕ್ಕ, ಮೇಲೆ ಹೋದಷ್ಟೂ ರೇಟಿನಲ್ಲಿ ಕಡಿತ.

ಮೀಟರ್ ಸುಳ್ಳು ಹೇಳುವುದಿಲ್ಲ. ಆದರೆ ಅದು ನೋಡುವುದು ನೀವು ಅದರೊಳಗೆ ಹಾಕಿದ ಒಂದು ಮುಷ್ಟಿ ಕಾಳನ್ನು ಮಾತ್ರ. ಒಂದೇ ಲೋಡಿನಲ್ಲಿ ಮೇಲಿನ ಚೀಲ ಒಣಗಿರುತ್ತದೆ, ಕೆಳಗಿನದು ಹಸಿ ಇರುತ್ತದೆ. ಅದಕ್ಕೇ ನಾಲ್ಕಾರು ಕಡೆಯಿಂದ ಕಾಳು ತೆಗೆದು, ಕಲಸಿ ನೋಡಬೇಕು. ನನಗೆ ಹೇಳಿಕೊಟ್ಟಿದ್ದು ಬೇರೆ. ಅಡಿ ಚೀಲದಿಂದಲೇ ತೆಗಿ, ಅದನ್ನೇ ಬರಿ. ಸುಳ್ಳು ಅಂಕಿ ಬರೆಯಬೇಕಾಗಿಯೇ ಇಲ್ಲ! ಒಂದು ವಾರ ಹಾಗೇ ಮಾಡಿದೆ. ಹೌದು, ಮಾಡಿದೆ.

ಆಮೇಲೆ ಒಬ್ಬ ಅಜ್ಜ ಬಂದರು. 30 ಕ್ವಿಂಟಲ್ ಜೋಳ. ನಾನು ಬರೆದ ಎರಡು ಪರ್ಸೆಂಟ್ ಜಾಸ್ತಿಯಿಂದ ಅವರಿಗೆ ಕ್ವಿಂಟಲಿಗೆ 40 ರೂಪಾಯಿ, ಒಟ್ಟು 1,200 ರೂಪಾಯಿ ಹೋಯಿತು. ಅವರು ಜಗಳ ಆಡಲಿಲ್ಲ. ಒಂದು ಕಾಳು ಬಾಯಿಗೆ ಹಾಕಿ ಕಟಕ್ ಅಂತ ಕಡಿದು, "ಒಣಗೈತಲ್ಲಪ್ಪ ತಮ್ಮಾ" ಅಂದರು ಅಷ್ಟೇ. ಅವತ್ತು ರಾತ್ರಿ ಊಟ ಸೇರಲಿಲ್ಲ. ಮರುದಿನದಿಂದ ಕಲಸಿದ ಕಾಳನ್ನೇ ನೋಡಿ ಬರೆದೆ.

ಒತ್ತಡ ಅಂದರೆ ಯಾರೋ ಬಂದು ಹೆದರಿಸುತ್ತಾರೆ ಅಂತ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಸಾಹುಕಾರರು ಜೋರಾಗಿ ಒಂದು ಮಾತೂ ಆಡಲಿಲ್ಲ. ಹಮಾಲರಲ್ಲಿ ನನಗಿಂತ ಹಿರಿಯರೊಬ್ಬರು ಚಹಾ ಕುಡಿಸಿ, "ನಿನ್ನೊಬ್ಬನಿಂದ ಮಾರ್ಕೆಟ್ ಬದಲಾಗುತ್ತಾ?" ಅಂತ ಪ್ರೀತಿಯಿಂದಲೇ ಕೇಳಿದರು. ಭಾವ ಮನೆಗೇ ಬಂದರು. "ನನ್ನ ಮುಖ ನೋಡಿ ಕೆಲಸ ಕೊಟ್ಟಿದ್ದಾರೆ ಕಣೋ. ನನ್ನ ಮರ್ಯಾದೆ ತೆಗೀಬೇಡ" ಅಂದರು. ಅಮ್ಮ ಅಡುಗೆಮನೆಯಲ್ಲಿ ಅಳುತ್ತಿದ್ದರು. ಅದನ್ನು ತಡೆದುಕೊಳ್ಳೋದು ಬಹಳ ಕಷ್ಟ. ಎದುರಿಗೆ ವೈರಿ ಇದ್ದರೆ ಸುಲಭ ಅಲ್ವಾ? ನಮ್ಮವರೇ ನಮ್ಮ ಒಳ್ಳೇದಕ್ಕೆ ಅಂತ ಹೇಳುವಾಗ ನಾವೇ ತಪ್ಪೇನೋ ಅನ್ನಿಸಿಬಿಡುತ್ತದೆ. ತಿಂಗಳು ತುಂಬುವ ಮೊದಲೇ ಕೆಲಸ ಹೋಯಿತು. ಭಾವ ಎರಡು ವರ್ಷ ನನ್ನ ಹತ್ತಿರ ಮಾತಾಡಲಿಲ್ಲ.

ಬುಧವಾರ ಬಸ್ ಹತ್ತಿ ಚಿತ್ರದುರ್ಗಕ್ಕೆ ಹೋದೆ. ಸೀಬಾರದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಎಸ್. ನಿಜಲಿಂಗಪ್ಪನವರ ಸ್ಮಾರಕ ಇದೆ. ಅವರು ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗಲೇ, 1969ರ ರಾಷ್ಟ್ರಪತಿ ಚುನಾವಣೆಯಲ್ಲಿ 'ಆತ್ಮಸಾಕ್ಷಿಯ ಮತ' ಅನ್ನೋ ಮಾತು ದೇಶದ ತುಂಬಾ ಓಡಾಡಿದ್ದು. ಪಕ್ಷದ ಅಭ್ಯರ್ಥಿ ಸಂಜೀವ ರೆಡ್ಡಿ ಸೋತರು, ವಿ.ವಿ. ಗಿರಿ ಗೆದ್ದರು, ಅದೇ ವರ್ಷ ಪಕ್ಷ ಒಡೆಯಿತು. ಯಾರ ಆತ್ಮಸಾಕ್ಷಿ ನಿಜ, ಯಾರದ್ದು ರಾಜಕೀಯ ಅಂತ ವಾದ ಮಾಡುತ್ತಾ ಕೂರಬಹುದು. ಅಂಥಾ ಕಡೆ ಎರಡೂ ಬದಿಗೆ ಮಾತಿರುತ್ತದೆ. ನನ್ನ ಅಳಿಯನ ವಿಷಯ ಹಾಗಲ್ಲ. ಕ್ಯೂಬ್ ಒಡೆದಿಲ್ಲ. ಒಡೆದಿದೆ ಅಂತ ಕಾಗದ ಹೇಳುತ್ತಿದೆ. ಇದರಲ್ಲಿ ಅಭಿಪ್ರಾಯ ಎಲ್ಲಿಂದ ಬಂತು?

ಅವನಿಗೆ ಅದನ್ನೇ ಹೇಳಿದೆ. "ನೀನು ಯಾರ ಮೇಲೂ ಜಗಳಕ್ಕೆ ಹೋಗಬೇಡ, ಯಾರನ್ನೂ ಕಳ್ಳ ಅನ್ನಬೇಡ. ನಾನು ನೋಡಿಲ್ಲ, ನೋಡಿದ ದಿನ ಸಹಿ ಹಾಕ್ತೀನಿ ಅನ್ನು. ಅಷ್ಟು ಸಾಕು." ಕೆಲಸ ಹೋಗಬಹುದು ಅಂತಲೂ ಹೇಳಿದೆ. ಸುಮ್ನೆ ಧೈರ್ಯ ತುಂಬಿ ಬರೋದಕ್ಕೆ ನನಗೆ ಮನಸ್ಸಾಗಲಿಲ್ಲ. ಆ ಅಜ್ಜನ 1,200 ರೂಪಾಯಿ ವಿಷಯವನ್ನೂ ಹೇಳಿದೆ. ಅವರ ಹೆಸರು ಪಟ್ಟಿಯಲ್ಲಿತ್ತು, ನಾನೇ ಬರೆದಿದ್ದೆ, ಆದರೂ ನೆನಪಿಟ್ಟುಕೊಳ್ಳಲಿಲ್ಲ. ವಾಪಸ್ ಕೊಡೋಣ ಅಂದರೆ ಈಗ ಯಾರನ್ನು ಹುಡುಕಲಿ?

ನಿನ್ನೆ ರಾತ್ರಿ ಮತ್ತೆ ಫೋನ್ ಮಾಡಿದ್ದ. ಸಹಿ ಹಾಕಿಲ್ಲ. ಕ್ಯೂಬಿಗೆ ಇನ್ನೂ 9 ದಿನ ಬಾಕಿ. ವಿಷಯವನ್ನೆಲ್ಲ ಮನೆಯಲ್ಲಿ ಹೇಳಿದನಂತೆ. ಅವನಪ್ಪ, ಅಂದರೆ ನಮ್ಮ ಭಾವ, ಪೂರ್ತಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರಂತೆ. ಆಮೇಲೆ "ನಿಮ್ಮ ಮಾವ ಏನಂದ?" ಅಂತ ಕೇಳಿದರಂತೆ.