ಒದೆ ತಿನ್ನುವುದಕ್ಕೂ ಒಂದು ಕರಾರು

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಕಾಲೇಜು ಫುಟ್‌ಬಾಲಿನ (ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಸ್ಕೋರುಗಳು ಶುರು. 84-0. 77-7. ಪಂದ್ಯದ ಫಲಿತಾಂಶವೋ ಬಸ್ಸಿನ ನಂಬರೋ ಎಂದು ಕಣ್ಣುಜ್ಜಿಕೊಳ್ಳಬೇಕು. ದೊಡ್ಡ ವಿಶ್ವವಿದ್ಯಾಲಯವೊಂದು ಸಣ್ಣದಕ್ಕೆ ಚೆಕ್ ಬರೆದು ಕರೆಸಿಕೊಳ್ಳುತ್ತದೆ: ಬನ್ನಿ, ನಮ್ಮ ಜನರೆದುರು ಚೆನ್ನಾಗಿ ಒದೆ ತಿಂದು ಹೋಗಿ. ಹೆಸರು ‘ಗ್ಯಾರಂಟಿ ಗೇಮ್’. ನಮ್ಮಲ್ಲಿ ಗ್ಯಾರಂಟಿ ಎಂದರೆ ಬಸ್ಸು, ಅಲ್ಲಿ ಒದೆ.

ಈ ಹರಕೆಯ ಕುರಿಗಳ ವಂಶಕ್ಕೆ ಹಿರಿಯಜ್ಜ ಟೆನೆಸ್ಸಿಯ ಕಂಬರ್ಲೆಂಡ್ ವಿಶ್ವವಿದ್ಯಾಲಯ. 1916ರಲ್ಲಿ ಜಾರ್ಜಿಯಾ ಟೆಕ್ ಎದುರು 222-0 ಸೋತದ್ದು ಎಲ್ಲರಿಗೂ ಗೊತ್ತು. ಅದೇ ಕಂಬರ್ಲೆಂಡ್ 1903ರಲ್ಲಿ ಅಲಬಾಮಾವನ್ನು 44-0, ಲೂಯಿಸಿಯಾನಾ ಸ್ಟೇಟನ್ನು 41-0 ಚಚ್ಚಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. 1916ರ ಹೊತ್ತಿಗೆ ಅಲ್ಲಿ ತಂಡವನ್ನೇ ಮುಚ್ಚಿದ್ದರು. ಆದರೆ ಹಳೇ ಕರಾರು ಉಳಿದಿತ್ತು: ಬಂದರೆ 500 ಡಾಲರ್, ತಪ್ಪಿಸಿದರೆ 3,000 ಡಾಲರ್ ದಂಡ. ಸಿಕ್ಕ ಹುಡುಗರನ್ನು ಒಟ್ಟುಮಾಡಿ ರೈಲು ಹತ್ತಿಸಿದರು. ಹೆಚ್ಚಿನವರು ಕಾನೂನು ವಿದ್ಯಾರ್ಥಿಗಳು. ಕರಾರಿನಿಂದ ಜಾರಿಕೊಳ್ಳುವ ದಾರಿ ಅವರಿಗೂ ಹೊಳೆಯಲಿಲ್ಲ, ಆ ಕಾಲೇಜಿನ ಪಾಠ ಹೇಗಿತ್ತೋ!

ಎದುರಿಗಿದ್ದ ಕೋಚ್ ಜಾನ್ ಹೈಸ್‌ಮನ್. ಬೇಸ್‌ಬಾಲಿನಲ್ಲಿ ಕಂಬರ್ಲೆಂಡಿನವರು ಬಾಡಿಗೆ ಆಟಗಾರರನ್ನಿಳಿಸಿ ತನ್ನ ತಂಡವನ್ನು 22-0 ಸೋಲಿಸಿದ್ದರೆಂಬ ಉರಿ ಆತನಿಗೆ. 22ರ ಪಕ್ಕಕ್ಕೆ ಇನ್ನೊಂದು 2 ಬರೆದು ತೀರಿಸಿಕೊಂಡ. ಈತ ಬಿಡುವಿನ ತಿಂಗಳುಗಳಲ್ಲಿ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚುತ್ತಿದ್ದವನು. ಹಾಗಾಗಿ ಮೈದಾನದಲ್ಲೂ ನಾಟಕದ ಮಾತೇ. ಈ ಚೆಂಡನ್ನು ಕೈಜಾರಿಸುವುದಕ್ಕಿಂತ ಎಳೆಯ ವಯಸ್ಸಿನಲ್ಲೇ ಸತ್ತಿದ್ದರೆ ಲೇಸಿತ್ತು ಎಂದು ಹುಡುಗರಿಗೆ ಹೇಳುತ್ತಿದ್ದನಂತೆ. ಅತ್ತ ಕಂಬರ್ಲೆಂಡಿನವನೊಬ್ಬ ಚೆಂಡು ಬೀಳಿಸಿ, “ಎತ್ತೋ ಅದನ್ನ” ಎಂದು ಕೂಗಿದನಂತೆ. “ನಾನ್ಯಾಕೆ ಎತ್ತಲಿ, ಬೀಳಿಸಿದ್ದು ನೀನು” ಎಂದನಂತೆ ಇನ್ನೊಬ್ಬ. ದಂತಕಥೆಯೇ ಇರಬಹುದು. ಆದರೂ ಅವತ್ತು ಮೈದಾನದಲ್ಲಿದ್ದ ಒಬ್ಬನೇ ಬುದ್ಧಿವಂತ ಅವನು. ಅರ್ಧ ಆಟಕ್ಕೇ 126-0 ಆಗಿತ್ತು, ಉಳಿದರ್ಧವನ್ನು ಮೊಟಕು ಮಾಡಿದರು. ಅಷ್ಟು ದಯೆ ಇತ್ತು.

ದಯೆ ಈಗಲೂ ಇದೆ. ಜಾರ್ಜಿಯಾದ ಪುಟ್ಟ ಸವಾನಾ ಸ್ಟೇಟ್ 2013ರಲ್ಲಿ ಮಯಾಮಿ ಎದುರು 77-7 ಸೋಲುವಾಗ ಕೊನೆಯ ಕ್ವಾರ್ಟರನ್ನು (ಆಟದ ಕಾಲುಭಾಗ) 12 ನಿಮಿಷಕ್ಕೆ ಇಳಿಸಿದರು. ಹಿಂದಿನ ವರ್ಷ ಒಕ್ಲಹೋಮಾ ಸ್ಟೇಟ್ ಎದುರು 84-0, ಮರುವಾರವೇ ಫ್ಲೋರಿಡಾ ಸ್ಟೇಟ್ ಎದುರು 55-0. ಎರಡನೆಯದನ್ನು ಮೂರನೇ ಕ್ವಾರ್ಟರಿನಲ್ಲೇ ನಿಲ್ಲಿಸಿದ್ದು ರೆಫರಿಯ ಕರುಣೆಯಲ್ಲ, ಗುಡುಗು ಸಿಡಿಲು. ಬಾಜಿ ಕಟ್ಟುವವರು ಫ್ಲೋರಿಡಾ ಸ್ಟೇಟ್ 70.5 ಅಂಕಗಳಿಂದ ಗೆಲ್ಲುತ್ತದೆಂದು ಮೊದಲೇ ಲೆಕ್ಕ ಹಾಕಿದ್ದರು. ಆ ಅರ್ಧ ಅಂಕ ಯಾವ ಹುಡುಗನ ಪಕ್ಕೆಲುಬಿನಿಂದ ಬರಬೇಕಿತ್ತೋ. ಎರಡು ಪಂದ್ಯಗಳಿಂದ ಕಾಲೇಜಿಗೆ ಬಂದದ್ದು 8 ಲಕ್ಷ ಡಾಲರಿಗೂ ಮೇಲೆ.

ನಗು ಬರುತ್ತಿಲ್ಲ ಈಗ. ಸಹಿ ಹಾಕಿದವರಾರೂ ಹೆಲ್ಮೆಟ್ ಹಾಕಲಿಲ್ಲ. ತನಗಿಂತ ಎರಡು ಪಟ್ಟು ಬಲದವನ ಕೆಳಗೆ ಸಿಕ್ಕಿಕೊಂಡ ಹುಡುಗ ಏಳುವಾಗ, ಆಡಳಿತದವರು ಬಜೆಟ್ ಸರಿದೂಗಿತೆಂದು ಕಾಫಿ ಕುಡಿಯುತ್ತಿರುತ್ತಾರೆ. ಇದಕ್ಕೆ ಕ್ರೀಡಾ ಮನೋಭಾವ ಎಂಬ ಹೆಸರು ಬೇರೆ ಕೇಡು. ಇಷ್ಟೆಲ್ಲ ಆದ ಮೇಲೂ ಸವಾನಾ ಸ್ಟೇಟ್ 2019ರಲ್ಲಿ ಕೆಳಗಿನ ಡಿವಿಷನ್‌ಗೇ ಇಳಿಯಿತು.

ಕಂಬರ್ಲೆಂಡ್ ಈಗ ಮತ್ತೆ ಫುಟ್‌ಬಾಲ್ ಆಡುತ್ತಿದೆ, ತನ್ನಷ್ಟೇ ಗಾತ್ರದ ಸಣ್ಣ ಕಾಲೇಜುಗಳ ಜೊತೆ. ಬುದ್ಧಿ ಬಂತೋ, ಯಾರೂ ಚೆಕ್ ಬರೆಯಲಿಲ್ಲವೋ.