ಮಕ್ಕಳನ್ನು ಕೇಳಿದ್ದು ಯಾರು?

ಶನಿವಾರದ ಸಭೆಯಿಂದ ಹೊರಗೆ ಬಂದಾಗ ತಲೆ ಕಾದಿತ್ತು. ಎರಡು ದಿನ ಸುಮ್ಮನಿದ್ದೆ. ಇವತ್ತು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ನಮ್ಮ ಕಾಲೇಜಿನ ಪರಿಸ್ಥಿತಿ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಅತಿಥಿ ಉಪನ್ಯಾಸಕರ ನೇಮಕ ಇನ್ನೂ ಪೂರ್ತಿ ಆಗಿಲ್ಲ, ಎರಡು ಪೇಪರ್‌ಗಳಿಗೆ ಪಾಠ ಮಾಡುವವರೇ ಇಲ್ಲ. ಏನು ಮಾಡೋಣ ಅಂತ ಮಾತಾಡಲು ಕೂತಿದ್ದೆವು. ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು, "ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ? ಎಲ್ಲೋ ಒಬ್ಬರು ಪಾಠ ಮಾಡ್ಲಿ, ನಾಲ್ಕು ಕಾಲೇಜಿನ ಮಕ್ಕಳು ಮೊಬೈಲಲ್ಲಿ ನೋಡ್ಲಿ. ಈಗಿನ ಮಕ್ಕಳಿಗೆ ಅದೇ ಇಷ್ಟ" ಅಂದರು. ಸುತ್ತ ಕೂತವರು ತಲೆಯಾಡಿಸಿದರು. ಬಸ್ಸಿಗೆ ಹೊತ್ತಾಗಿತ್ತು, ಸಭೆ ಮುಗಿಯಿತು.

ಈಗಿನ ಮಕ್ಕಳಿಗೆ ಅದೇ ಇಷ್ಟ. 2020ರಿಂದ ಈ ಮಾತು ಕೇಳುತ್ತಲೇ ಬಂದಿದ್ದೇನೆ. ಹೇಳಿದವರಲ್ಲಿ ಒಬ್ಬರಾದರೂ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದನ್ನು ನಾನು ಕಂಡಿಲ್ಲ. ಮಕ್ಕಳ ಕೈಯಲ್ಲಿ ಯಾವಾಗ ನೋಡಿದರೂ ಮೊಬೈಲ್ ಇರುತ್ತದೆ, ಹಾಗಾಗಿ ಮೊಬೈಲಿನಲ್ಲೇ ಪಾಠ ಆದರೆ ಅವರಿಗೆ ಖುಷಿ ಅಂತ ದೊಡ್ಡವರು ತಾವೇ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಸರಿ, ನಾನೇ ಕೇಳೋಣ ಅಂತ ಸೋಮವಾರ ಎರಡನೇ ಪಿರಿಯಡ್‌ನಲ್ಲಿ ಕೇಳಿದೆ. ಬಿ.ಕಾಂ. ಎರಡನೇ ವರ್ಷದ ಕ್ಲಾಸು. ಅವತ್ತು ಬಿಡಿಸಬೇಕಿದ್ದ ಲೆಕ್ಕ ಬದಿಗಿಟ್ಟೆ. ನೋಟ್‌ಬುಕ್ಕಿನ ನಡುವಿನ ಹಾಳೆ ಹರಿದು ಇಬ್ಬಿಬ್ಬರು ಹಂಚಿಕೊಳ್ಳಿ, ಹೆಸರು ಬರೀಬೇಡಿ, ರಿಜಿಸ್ಟರ್ ನಂಬರೂ ಬೇಡ, ಆನ್‌ಲೈನ್ ಪಾಠ ಹೇಗನಿಸಿತು, ಇಲ್ಲಿ ಕೂತು ಕೇಳೋದು ಹೇಗನಿಸುತ್ತೆ, ಮನಸ್ಸಿಗೆ ಬಂದದ್ದು ಬರೆಯಿರಿ ಅಂದೆ. ಈ ಮಕ್ಕಳು ಎರಡನ್ನೂ ಕಂಡವರು. ಕೋವಿಡ್‌ಗೆ ಶಾಲೆ ಮುಚ್ಚಿದ್ದ 2020-21ರಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದರು. ಈಗ ಮಳೆಗಾಲದಲ್ಲಿ ರಜೆ ಘೋಷಣೆಯಾದ ದಿನಗಳಲ್ಲಿ ನಾನೇ ಗೂಗಲ್ ಮೀಟ್‌ನಲ್ಲಿ ಪಾಠ ಮಾಡಿದ್ದೂ ಇದೆ. ಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ ಬರೆದರು ನೋಡಿ, ಬೆಲ್ ಹೊಡೆದರೂ ಏಳಲಿಲ್ಲ.

ಚೀಟಿಗಳನ್ನು ರಾತ್ರಿ ಊಟ ಆದಮೇಲೆ ಓದಿದೆ. ಒಂದರಲ್ಲಿ ಹೀಗಿತ್ತು: "ಆನ್‌ಲೈನ್ ಕ್ಲಾಸಲ್ಲಿ ನಾನು ಇದ್ದೀನೋ ಇಲ್ವೋ ಯಾರಿಗೂ ಗೊತ್ತಾಗಲ್ಲ. ಮೊದ್ಲು ಖುಷಿಯಾಯ್ತು. ಆಮೇಲೆ ಬೇಜಾರಾಯ್ತು."

ಇನ್ನೊಂದು, ಹುಡುಗಿಯದ್ದೇ ಇರಬೇಕು: "ಕಾಲೇಜಿಗೆ ಬಂದ್ರೆ ಕಾಲೇಜಲ್ಲಿ ಇರ್ತೀನಿ. ಆನ್‌ಲೈನ್ ಕ್ಲಾಸಲ್ಲಿದ್ರೆ ಮನೇಲೇ ಇದ್ದ ಹಾಗೆ. ಹಾಲು ನೋಡು, ಬಟ್ಟೆ ತೆಗಿ ಮಳೆ ಬಂತು ಅಂತಾರೆ. ಕಿವೀಲಿ ಇಯರ್‌ಫೋನ್ ಇಟ್ಕೊಂಡೇ ಪಾತ್ರೆ ತೊಳೆದಿದ್ದೀನಿ." ಅದನ್ನು ಓದಿ ಚೀಟಿ ಕೆಳಗಿಟ್ಟೆ. ಆ ಮೀಟ್ ಪಾಠಗಳಲ್ಲಿ ಹಾಜರಿ ಕರೆದಾಗ ಅವಳು ಪ್ರತಿ ಸಲವೂ "ಪ್ರೆಸೆಂಟ್ ಮೇಡಂ" ಅಂದಿದ್ದಾಳೆ. ನಾನೂ ಹಾಜರಿ ಹಾಕಿದ್ದೇನೆ. ಅವಳ ಕೈ ಎಲ್ಲಿತ್ತು ಅನ್ನುವುದು ನನಗೆ ಕಾಣಲಿಲ್ಲ.

ಮತ್ತೊಂದು: "ಡೌಟ್ ಕೇಳೋಕೆ ಅನ್‌ಮ್ಯೂಟ್ ಮಾಡಿದ್ರೆ ನಮ್ಮನೆ ಒಳಗಿನ ಮಾತೆಲ್ಲ ಎಲ್ಲರಿಗೂ ಕೇಳುತ್ತೆ. ಅದಕ್ಕೇ ಕೇಳ್ತಿರಲಿಲ್ಲ." ಕ್ಯಾಮೆರಾ ಆನ್ ಮಾಡಿ, ಕ್ಯಾಮೆರಾ ಆನ್ ಮಾಡಿ ಅಂತ ನಾವೆಲ್ಲ ಎಷ್ಟು ಕೂಗಿದ್ದೇವೆ! ಕ್ಲಾಸಿನಲ್ಲಿ ಎಲ್ಲರ ಬೆನ್ನ ಹಿಂದೆ ಇರುವುದು ಅದೇ ಸುಣ್ಣದ ಗೋಡೆ. ಮನೆಯಲ್ಲಿ ಒಬ್ಬನ ಹಿಂದೆ ಷೋಕೇಸು, ಇನ್ನೊಬ್ಬನ ಹಿಂದೆ ತಗಡು. ಹದಿನೆಂಟರ ವಯಸ್ಸಿಗೆ ಅದು ಎಷ್ಟು ಚುಚ್ಚುತ್ತದೆ ಅಂತ ನಮಗೆ ಹೊಳೆಯಲೇ ಇಲ್ಲ.

ಈ ಚೀಟಿ ಮಾತ್ರ ನನ್ನನ್ನು ಅಲ್ಲಾಡಿಸಿತು. "ನೀವು ಆನ್‌ಲೈನಲ್ಲಿ ಮಾಡಿ ತೋರಿಸೋ ಬ್ಯಾಲೆನ್ಸ್ ಶೀಟ್ ಯಾವಾಗಲೂ ಟ್ಯಾಲಿ ಆಗುತ್ತೆ ಮೇಡಂ. ನಾನು ಮಾಡಿದ್ದು ಆಗಲ್ಲ. ಯಾಕೆ ಆಗಲಿಲ್ಲ ಅಂತ ನೋಡೋರು ಇರಲ್ಲ."

ಅಕೌಂಟೆನ್ಸಿ ಕಲಿತವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಬ್ಯಾಲೆನ್ಸ್ ಶೀಟಿನ ಎರಡೂ ಕಡೆಯ ಮೊತ್ತ ಸಮ ಬರಬೇಕು, ಬಂದರೆ ಟ್ಯಾಲಿ. ಲೆಕ್ಕ ಟ್ಯಾಲಿ ಆಗದೆ ಇದ್ದಾಗಲೇ ನಮ್ಮ ವಿಷಯದ ಕಲಿಕೆ ಶುರುವಾಗುವುದು. ಹೋದ ವಾರ ಕೊನೆಯ ಬೆಂಚಿನ ಹುಡುಗನೊಬ್ಬ ತಲೆ ಮೇಲೆ ಕೈಹೊತ್ತು ಕೂತಿದ್ದ. ಹೋಗಿ ನೋಡಿದರೆ ಹೊಣೆಗಾರಿಕೆ ಕಡೆ 4,86,500, ಆಸ್ತಿ ಕಡೆ 4,44,500. ವ್ಯತ್ಯಾಸ 42,000. ನಾನು ಹೇಳಿಕೊಟ್ಟಿದ್ದ ಹಾಗೆ ಅರ್ಧ ಮಾಡಿ, 21,000ದ ಯಾವುದಾದರೂ ಮೊತ್ತ ತಪ್ಪು ಕಡೆಗೆ ಹೋಗಿದೆಯಾ ಅಂತ ಹುಡುಕುತ್ತಿದ್ದ. ಇರಲಿಲ್ಲ. ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೆಳ್ಳಗಾಗಿತ್ತು. ಮುಂದಿನ ಬೆಂಚಿನ ಹುಡುಗಿ ಹಿಂದೆ ತಿರುಗಿ ಒಂದು ಕ್ಷಣ ನೋಡಿ, "ಏ, ಕ್ಲೋಸಿಂಗ್ ಸ್ಟಾಕ್ ಎಷ್ಟು ಕೊಟ್ಟಿದ್ದಾರೆ ನೋಡೋ" ಅಂದಳು. ವರ್ಷದ ಕೊನೆಗೆ ಮಾರಾಟವಾಗದೆ ಉಳಿದ ಸರಕು ಅದು, ನಲವತ್ತೆರಡು ಸಾವಿರ. ಟ್ರೇಡಿಂಗ್ ಅಕೌಂಟಿಗೆ ಹಾಕಿದ್ದ, ಬ್ಯಾಲೆನ್ಸ್ ಶೀಟಿಗೆ ತರಲು ಮರೆತಿದ್ದ. ಹಣೆ ಚಚ್ಚಿಕೊಂಡ. ನಾನು ಒಂದಕ್ಷರ ಮಾತಾಡಿರಲಿಲ್ಲ. ಲೆಕ್ಕದ ಕೊನೆಯಲ್ಲಿ ಹೊಂದಾಣಿಕೆ (ಅಡ್ಜಸ್ಟ್‌ಮೆಂಟ್) ಅಂತ ಕೊಟ್ಟದ್ದು ಎರಡು ಜಾಗದಲ್ಲಿ ಬರಬೇಕು ಅಂತ ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ಅವನಿಗೆ ಅದು ತಲೆಗೆ ಹೋಗಿದ್ದು ಆ ಹುಡುಗಿ ಹಿಂದೆ ತಿರುಗಿದಾಗ.

ಇದನ್ನು ಗೂಗಲ್ ಮೀಟ್‌ನಲ್ಲಿ ಎಲ್ಲಿಂದ ತರೋದು? ಅಲ್ಲಿ ಎಲ್ಲರೂ ನನ್ನ ಕಡೆಗೆ ತಿರುಗಿದ್ದಾರೆ, ಯಾರೂ ಯಾರ ಕಡೆಗೂ ತಿರುಗುವುದಿಲ್ಲ. ಕ್ಲಾಸಿನಲ್ಲಿ ಮೂರನೇ ಬೆಂಚಿನ ಕಣ್ಣು ನೋಡಿದರೆ ಯಾವ ಸಾಲಿನಲ್ಲಿ ಪಾಠ ಕೈತಪ್ಪಿತು ಅಂತ ನನಗೆ ಗೊತ್ತಾಗುತ್ತದೆ. ಬಾಯಲ್ಲಿ "ಹ್ಞೂಂ ಮೇಡಂ" ಅಂದರೂ ಕೈಯಲ್ಲಿನ ಪೆನ್ನು ನಿಂತಿರುತ್ತದೆ. ಪೆನ್ನು ನಿಂತಿತು ಅಂದರೆ ನಾನು ಎರಡು ಹೆಜ್ಜೆ ಹಿಂದಕ್ಕೆ ಬಂದು ಮತ್ತೆ ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ನಾನು ಸಂಪಾದಿಸಿದ ವಿದ್ಯೆ ಅಂದರೆ ಅದೇ, ಪೆನ್ನು ನಿಲ್ಲುವುದನ್ನು ನೋಡುವುದು. ಮೊಬೈಲಿನ ಕಪ್ಪು ಚೌಕದಲ್ಲಿ ಪೆನ್ನೂ ಕಾಣುವುದಿಲ್ಲ, ಕಣ್ಣೂ ಕಾಣುವುದಿಲ್ಲ. ಹೆಸರಿನ ಮೊದಲ ಅಕ್ಷರ ಕಾಣುತ್ತದೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಇದನ್ನು ನಾನು ಇದುವರೆಗೆ ಎಲ್ಲಿಯೂ ಬರೆದಿಲ್ಲ.

2020ರ ಸೆಪ್ಟೆಂಬರ್‌ನಲ್ಲಿ ಪದವಿ ತರಗತಿಗಳು ಆನ್‌ಲೈನ್‌ನಲ್ಲಿ ಶುರುವಾದವು. ಒಬ್ಬ ಹುಡುಗ ಪಾಠಕ್ಕೆ ಬರುತ್ತಲೇ ಇರಲಿಲ್ಲ. ಬಂದರೂ ಐದು ನಿಮಿಷಕ್ಕೆ ಮಾಯ. ನಾನು ತಾಳ್ಮೆ ಕಳೆದುಕೊಂಡು ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಅವನ ಹೆಸರು ಹಾಕಿ, ಓದುವ ಮನಸ್ಸಿಲ್ಲದಿದ್ದರೆ ಕಾಲೇಜು ಬಿಟ್ಟುಬಿಡಿ ಅಂತ ಬರೆದೆ. ನವೆಂಬರ್ 17ರಿಂದ ಪದವಿ ಕಾಲೇಜುಗಳು ತೆರೆದವು. ಮಕ್ಕಳು ಕೋವಿಡ್ ಟೆಸ್ಟ್ ರಿಪೋರ್ಟ್ ಹಿಡಿದು ಒಬ್ಬೊಬ್ಬರೇ ಬರತೊಡಗಿದರು. ಅವನೂ ಬಂದ. ನೋಟ್ಸ್ ತೋರಿಸು ಅಂದೆ. ಗ್ರೂಪಿಗೆ ನಾನು ಹಾಕಿದ್ದ ಬೋರ್ಡಿನ ಫೋಟೊಗಳನ್ನೆಲ್ಲ ಒಂದೂ ಬಿಡದೆ ನಕಲು ಮಾಡಿಕೊಂಡಿದ್ದ. ಹಾಳೆಗಳು ಒದ್ದೆಯಾಗಿ ಒಣಗಿ ಸುರುಟಿದ್ದವು. ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಸಂಜೆ ಏಳಕ್ಕೆ ಅಪ್ಪ ಫೋನು ತಂದಮೇಲೆ ಗುಡ್ಡ ಹತ್ತಿ ಕೂತು ಬರೆದದ್ದು ಅಂದ. ಮನೆಗೆ ಇದ್ದದ್ದು ಅದೊಂದೇ ಫೋನು.

ಆಮೇಲೆ ಅವನು ತಲೆ ತಗ್ಗಿಸಿ ಹೇಳಿದ, "ನೀವು ಗ್ರೂಪಲ್ಲಿ ಹಾಕಿದ್ದನ್ನ ಮೊದ್ಲು ಓದಿದ್ದು ಅಪ್ಪನೇ ಮೇಡಂ. ಮಾರನೇ ದಿನದಿಂದ ಫೋನು ಮನೇಲೇ ಬಿಟ್ಟು ಹೋಗ್ತಿದ್ರು."

ಅವನ ಅಪ್ಪ ಅಡಿಕೆ ಕೊನೆ ಕೊಯ್ಯುವವರು. ನಾಳೆ ನಮ್ಮ ತೋಟಕ್ಕೆ ಬನ್ನಿ ಅಂತ ಕರೆ ಬರುವುದು ಆ ಫೋನಿಗೇ. ಅದು ಅಡಿಕೆ ಕೊಯ್ಲಿನ ಕಾಲ. ಎಷ್ಟು ದಿನದ ಕೂಲಿ ತಪ್ಪಿತೋ ನಾನು ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಅವನ ಹತ್ತಿರ ತಪ್ಪಾಯ್ತು ಅಂದೆ. ಅಪ್ಪನ ಹತ್ತಿರ ಹೇಳಲು ಆಗಲೇ ಇಲ್ಲ. ಆ ಮೆಸೇಜು ಇನ್ನೂ ನನ್ನ ಫೋನಿನಲ್ಲಿದೆ. ಅಳಿಸಿಲ್ಲ.

ಆದ್ದರಿಂದ ಶನಿವಾರದ ಸಭೆಯಲ್ಲಿ "ಅದೇ ಇಷ್ಟ" ಅಂದಾಗ ನನಗೆ ಸಿಟ್ಟು ಬಂದದ್ದು ಅವರೊಬ್ಬರ ಮೇಲಲ್ಲ. ನಾನೂ ಒಂದು ಕಾಲಕ್ಕೆ ಕೇಳದೆ ತೀರ್ಮಾನ ಮಾಡಿದವಳೇ.

ಆಗ ಎಲ್ಲರೂ ಮಾಡಿದ್ದು ಅದನ್ನೇ. 2020ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಅಂದಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಶಾಲೆಗಳು ಒಂದು ಹೇಳಿದವು, ಪೋಷಕರು ಇನ್ನೊಂದು ಹೇಳಿದರು, ಟಿವಿಯಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಆ ಚರ್ಚೆಗಳಲ್ಲಿ ಒಂದು ಮಗುವನ್ನು ಕೂರಿಸಿ, ನಿನಗೇನು ಅರ್ಥ ಆಗ್ತಿದೆಯಮ್ಮ ಅಂತ ಕೇಳಿದ ನೆನಪು ನನಗಿಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರ ಫೋಟೊ ನಿಮಗೆಲ್ಲ ನೆನಪಿರಬಹುದು. ಮಗಳು ರಸ್ತೆ ಬದಿಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಕಲಿಯುವ ಛಲ ಅಂತ ಜನ ಶೇರ್ ಮಾಡಿದರು. ನನಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ.

ಚೀಟಿಯೊಂದರಲ್ಲಿ "ಒಂಬತ್ತನೇ ಕ್ಲಾಸಲ್ಲಿ ನೆನಪಿರೋದು ದೇವಸ್ಥಾನದ ಜಗಲಿ ಪಾಠ ಮಾತ್ರ" ಅಂತ ಇದೆ. ಅದು ಸರ್ಕಾರದ ವಿದ್ಯಾಗಮ ಯೋಜನೆ. 2020ರ ಆಗಸ್ಟ್‌ನಲ್ಲಿ ಶುರುವಾಗಿ, ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಂತಿತು. ಶಿಕ್ಷಕರೇ ಮಕ್ಕಳಿದ್ದ ಕಡೆಗೆ ಹೋಗಿ ಜಗಲಿಯಲ್ಲಿ, ಮರದ ಕೆಳಗೆ ಪಾಠ ಮಾಡಿದರು. ಅದರ ತಪ್ಪು ಒಪ್ಪು ಏನೇ ಇರಲಿ, ಒಂದು ಇಡೀ ವರ್ಷದ ವಿಡಿಯೋಗಳು, ಲಿಂಕುಗಳು, ಪಿಡಿಎಫ್‌ಗಳು ಎಲ್ಲ ಮರೆತುಹೋಗಿ ಆ ಹುಡುಗನಿಗೋ ಹುಡುಗಿಗೋ ಜಗಲಿ ಉಳಿದಿದೆ.

ಈಗ ಕಮೆಂಟಿನಲ್ಲಿ ಬರುವ ಮಾತು ನನಗೆ ಗೊತ್ತು. ಆನ್‌ಲೈನ್‌ನಿಂದ ಒಳ್ಳೆಯದಾಗಿಲ್ಲವೇ? ಆಗಿದೆ. ಚೀಟಿಗಳಲ್ಲೂ ಅದಿದೆ. "ವಿಡಿಯೋ ನಿಲ್ಲಿಸಿ ಮತ್ತೆ ನೋಡಬಹುದು. ನೀವು ಬೇಗ ಬೇಗ ಹೇಳ್ತೀರ" ಅಂತ ಒಬ್ಬರು ಬರೆದಿದ್ದಾರೆ. ನಿಜ, ತಿದ್ದಿಕೊಳ್ಳುತ್ತೇನೆ. ಎರಡು ಬಸ್ಸು ಬದಲಾಯಿಸಿ ಬರುವ ಹುಡುಗಿ, ಮುಟ್ಟಿನ ದಿನಗಳಲ್ಲಿ ಮನೆಯಲ್ಲೇ ಪಾಠ ಸಿಕ್ಕರೆ ಒಳ್ಳೆಯದಿತ್ತು ಅಂತ ಬರೆದಿದ್ದಾಳೆ. ಅದೂ ನಿಜ. ಐಐಟಿ ಮತ್ತು ಐಐಎಸ್‌ಸಿಗಳು ಸೇರಿ 2003ರಲ್ಲೇ ಶುರು ಮಾಡಿದ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳಿಂದ ಎಷ್ಟೋ ಜನ ಉದ್ಧಾರವಾಗಿದ್ದಾರೆ. 2017ರಲ್ಲಿ ಜಿಎಸ್‌ಟಿ ಬಂದಾಗ ನಾನೇ ಯೂಟ್ಯೂಬ್ ನೋಡಿ ಕಲಿತವಳು.

ಆದರೆ ನಾನು ಕಲಿತೆ ಅಂದರೆ, ಅಷ್ಟು ಹೊತ್ತಿಗೆ ಅಕೌಂಟ್ಸ್ ನನ್ನ ಕೈಗೆ ಹತ್ತಿ ಎಷ್ಟೋ ವರ್ಷವಾಗಿತ್ತು. ಎಲ್ಲಿ ಅರ್ಥವಾಗಲಿಲ್ಲ ಅಂತ ನನಗೇ ತಿಳಿಯುತ್ತಿತ್ತು, ಅಲ್ಲಿಗೆ ವಿಡಿಯೋ ಹಿಂದಕ್ಕೆ ಎಳೆಯುತ್ತಿದ್ದೆ. ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಅಂತ ಇನ್ನೂ ತಡವರಿಸುವ ಹುಡುಗನಿಗೆ ತಾನು ಎಲ್ಲಿ ಎಡವಿದೆ ಅನ್ನುವುದೇ ತಿಳಿಯುವುದಿಲ್ಲ, ಎಲ್ಲಿಗೆ ಎಳೆಯುತ್ತಾನೆ? ಮತ್ತೆ ನೋಡುವ ಸೌಕರ್ಯ ಬೇಕು ಅಂದವರು ಪಾಠ ಮಾಡುವವರು ಬೇಡ ಅನ್ನಲಿಲ್ಲ. ಬೆಳಿಗ್ಗೆ ಕ್ಲಾಸಿನಲ್ಲಿ ಕೇಳಿದ್ದನ್ನು ರಾತ್ರಿ ಇನ್ನೊಮ್ಮೆ ನೋಡೋಣ ಅಂದರು. ಹೊಟ್ಟೆ ತುಂಬ ಉಂಡವರು ಉಪ್ಪಿನಕಾಯಿ ಚೆನ್ನಾಗಿದೆ ಅಂದರೆ, ನಾಳೆಯಿಂದ ಅನ್ನ ಬೇಡವಂತೆ ಅಂತ ಅರ್ಥ ಮಾಡಿಕೊಳ್ಳುವುದು ಎಲ್ಲಿಯ ನ್ಯಾಯ?

ಸಭೆಯಲ್ಲಿ ನಡೆದದ್ದು ಸರಿಯಾಗಿ ಅದೇ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ, ಕೇಂದ್ರ ಸರ್ಕಾರದ ‘ಸ್ವಯಂ’ ಅನ್ನುವ ಆನ್‌ಲೈನ್ ವೇದಿಕೆಯಲ್ಲಿ ಒಂದು ಸೆಮಿಸ್ಟರಿಗೆ ಓದಬಹುದಾದ ಕೋರ್ಸುಗಳ ಮಿತಿಯನ್ನು ಶೇ 20ರಿಂದ ಶೇ 40ಕ್ಕೆ ಏರಿಸಿತಲ್ಲ, ಅದನ್ನೂ ಯಾರೋ ನೆನಪಿಸಿದರು. ವಿದ್ಯಾರ್ಥಿ ತನಗೆ ಬೇಕಾದ, ತನ್ನ ಕಾಲೇಜಿನಲ್ಲಿ ಸಿಗದ ವಿಷಯ ಆರಿಸಿಕೊಳ್ಳಲು ಅದೊಂದು ಅವಕಾಶ. ಮೇಷ್ಟ್ರಿಲ್ಲದ ಕೋಣೆಗೆ ಬೀಗ ಹಾಕುವುದಕ್ಕೆ ಅದು ನೆಪ ಆಗಬಾರದು.

ಕಲಿಕೆ ಎಷ್ಟು ಕಳೆದುಹೋಯಿತು ಅನ್ನುವುದಕ್ಕೆ ಲೆಕ್ಕ ಬೇಕು ಅನ್ನುವವರಿಗೆ ಅದೂ ಇದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿ 2021ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು. 2ರಿಂದ 6ನೇ ತರಗತಿಯವರೆಗಿನ ಆ ಮಕ್ಕಳಲ್ಲಿ ಶೇ 92ರಷ್ಟು ಮಂದಿ ಹಿಂದಿನ ವರ್ಷ ತಮಗೆ ಬರುತ್ತಿದ್ದ ಯಾವುದಾದರೂ ಒಂದು ಭಾಷಾ ಕೌಶಲವನ್ನು ಕಳೆದುಕೊಂಡಿದ್ದರು, ಗಣಿತದಲ್ಲಿ ಶೇ 82. ಹೊಸದು ಕಲಿಯದೆ ಹೋದದ್ದು ಹಾಗಿರಲಿ, ಬರುತ್ತಿದ್ದದ್ದೇ ಹೋಗಿತ್ತು. ಆ ಮಕ್ಕಳು ಈಗ ಹೈಸ್ಕೂಲು, ಪಿಯು ತಲುಪುತ್ತಿದ್ದಾರೆ. ಇನ್ನು ಕೆಲವೇ ವರ್ಷದಲ್ಲಿ ನನ್ನ ಕ್ಲಾಸಿಗೆ ಬರುತ್ತಾರೆ. ಅವರನ್ನು ನಾನು ಮತ್ತೆ ಮೊಬೈಲಿನ ಮುಂದೆ ಕೂರಿಸಬೇಕೇ?

ಇಷ್ಟಕ್ಕೂ "ಇಷ್ಟ" ಅನ್ನುವ ಪದವೇ ನನಗೆ ಸರಿಹೋಗುತ್ತಿಲ್ಲ. ಚೀಟಿಗಳಲ್ಲಿ ಇಷ್ಟ, ಕಷ್ಟಕ್ಕಿಂತ ಹೆಚ್ಚಾಗಿ ಬಂದಿರುವುದು "ನೋಡೋರು", "ಕೇಳೋರು", "ಗೊತ್ತಾಗಲ್ಲ" ಅನ್ನುವ ಮಾತುಗಳು. ಒಬ್ಬಳು ಬರೆದಿದ್ದಾಳೆ, "ಕ್ಲಾಸಲ್ಲಿ ನಂಗೆ ಕೇಳೋಕೆ ನಾಚಿಕೆ ಆಗೋ ಡೌಟನ್ನ ಪಕ್ಕದವಳು ಕೇಳ್ತಾಳೆ, ನಂಗೂ ಉತ್ತರ ಸಿಗುತ್ತೆ" ಅಂತ. ಎಷ್ಟು ಸಣ್ಣ ಮಾತು! ಇದನ್ನು ಯಾವ ತಜ್ಞರ ಭಾಷಣದಲ್ಲೂ ನಾನು ಕೇಳಿರಲಿಲ್ಲ.

ಶಿಕ್ಷಕ ಗೆಳೆಯರೇ, ನಿಮ್ಮ ನಿಮ್ಮ ಕ್ಲಾಸಿನಲ್ಲೂ ಒಮ್ಮೆ ಅರ್ಧ ಹಾಳೆ ಕೊಟ್ಟು ಕೇಳಿ. ಹೆಸರು ಬರೆಸಬೇಡಿ. ಓದುವಾಗ ಮಾತ್ರ ಒಬ್ಬರೇ ಕೂತು ಓದಿ.

ನಾಳೆ ಹತ್ತು ಗಂಟೆಗೆ ಮತ್ತೆ ಸಭೆ ಇದೆ. ಚೀಟಿಗಳಿಗೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಬ್ಯಾಗಿನಲ್ಲಿಟ್ಟುಕೊಂಡಿದ್ದೇನೆ, ಒಂದೊಂದಾಗಿ ಓದುತ್ತೇನೆ. ಬಸ್ಸಿಗೆ ಹೊತ್ತಾದರೆ ಆಗಲಿ. ಎಲ್ಲಕ್ಕಿಂತ ಮೇಲೆ ಇಟ್ಟಿರುವ ಚೀಟಿಯಲ್ಲಿ ಇರುವುದು ಒಂದೇ ಸಾಲು:

"ಇದನ್ನ ಓದಿ ಏನ್ಮಾಡ್ತೀರ ಮೇಡಂ?"