ಕಂಬದ ಕಣ್ಣಿಗೆ ಕ್ರಿಯಾಪದ ಕಾಣದು

ಕರಿ ಅಂಗಿ ತೊಟ್ಟು ಕಾರು ಓಡಿಸುವುದು ಮೋಟಾರು ವಾಹನ ಕಾಯ್ದೆಯಲ್ಲಿ ಅಪರಾಧವಲ್ಲ. ಇದು ಕಾಯ್ದೆಗೆ ಗೊತ್ತು. ಕಂಬದ ಮೇಲಿನ ಟ್ರಾಫಿಕ್ ಕ್ಯಾಮೆರಾಗೆ ಇನ್ನೂ ಯಾರೂ ಹೇಳಿಲ್ಲ. 2024ರಲ್ಲಿ ಬೆಂಗಳೂರಿನ ಚಾಲಕರೊಬ್ಬರು ಸೀಟ್ ಬೆಲ್ಟ್ ಬಿಗಿದುಕೊಂಡೇ ಹೋಗುತ್ತಿದ್ದರು. ಮನೆಗೆ ಬಂದದ್ದು ಬೆಲ್ಟ್ ಹಾಕಿಲ್ಲವೆಂಬ ದಂಡ. ಅಂಗಿಯೂ ಕರಿ, ಬೆಲ್ಟೂ ಕರಿ, ಕ್ಯಾಮೆರಾ ಕಣ್ಣಿಗೆ ಎರಡೂ ಒಂದೇ. ಅವರು ಬಹಿರಂಗವಾಗಿ ಅಲವತ್ತುಕೊಂಡ ಮೇಲೆ ದಂಡ ರದ್ದಾಯಿತು. ಅಂಗಿಯ ಮೇಲಿನ ಅನುಮಾನ ರದ್ದಾದ ಸುದ್ದಿಯಿಲ್ಲ.

ಇದರಲ್ಲಿ ಕ್ಯಾಮೆರಾದ ದುರ್ಬುದ್ಧಿಯೇನೂ ಇಲ್ಲ, ಬರೀ ಲೆಕ್ಕ. ಬೆಲ್ಟಿನ ಪಟ್ಟಿ ಹೆಚ್ಚೂಕಡಿಮೆ 5 ಸೆಂಟಿಮೀಟರ್ ಅಗಲ. ಅಡ್ಡಕ್ಕೆ 1920 ಪಿಕ್ಸೆಲ್ ಇರುವ ಕ್ಯಾಮೆರಾ ಎರಡು ಲೇನ್, ಅಂದರೆ 7 ಮೀಟರ್ ರಸ್ತೆ ನೋಡಿದರೆ ಒಂದು ಸೆಂಟಿಮೀಟರಿನ ಪಾಲಿಗೆ ಬರುವುದು ಪೌಣೆ ಮೂರು ಪಿಕ್ಸೆಲ್. ಬೆಲ್ಟಿಗೆ ಹದಿಮೂರೋ ಹದಿನಾಲ್ಕೋ. ಒಂದು ಕ್ಯಾಮೆರಾ ದುಡ್ಡು ಉಳಿಯಲಿ ಎಂದು ಅದನ್ನೇ ನಾಲ್ಕು ಲೇನಿಗೆ ಹೊಂದಿಸಿದರೆ ಏಳು. ಅಲ್ಲಿಂದ ವಿಡಿಯೊ ಕಂಟ್ರೋಲ್ ರೂಮಿಗೆ ಹೋಗಬೇಕಲ್ಲ, ಎಚ್.264 ಎಂಬ ವಿಧಾನ ಚಿತ್ರವನ್ನು 16 ಪಿಕ್ಸೆಲ್ ಉದ್ದ, 16 ಪಿಕ್ಸೆಲ್ ಅಗಲದ ಚೌಕಗಳಾಗಿ ಕತ್ತರಿಸಿ ಒತ್ತಿ ಕಳಿಸುತ್ತದೆ. ನಿಮ್ಮ ಜೀವ ಉಳಿಸುವ ಬೆಲ್ಟಿನ ಅಗಲವೆಲ್ಲ ಅಂಥ ಒಂದು ಚೌಕದೊಳಗೇ ಅಡಗಿಹೋಗುತ್ತದೆ. ಕರಿ ಅಂಗಿಗೂ ಕರಿ ಬೆಲ್ಟಿಗೂ 256 ಛಾಯೆಗಳಲ್ಲಿ ನಾಲ್ಕೈದು ಛಾಯೆಯ ವ್ಯತ್ಯಾಸವಿದ್ದರೆ ಹೆಚ್ಚು. ಬ್ಯಾಂಡ್‌ವಿಡ್ತ್ ಉಳಿಸುವಾಗ ಮೊದಲು ಬಲಿಯಾಗುವುದು ಆ ನಾಲ್ಕೈದೇ. ಜೊತೆಗೆ ಎದುರುಗಾಜಿನ ಮೇಲೆ ಆಕಾಶದ ಪ್ರತಿಬಿಂಬ. ಅದನ್ನು ತಡೆಯಲು ಲೆನ್ಸಿಗೆ ಪೋಲರೈಸರ್ ಹಾಕಬಹುದು, ಆದರೆ ಅದು ಬೆಳಕನ್ನೂ ಅರ್ಧಕ್ಕೆ ಇಳಿಸುತ್ತದೆ.

ಬೆಳಕು ಕಡಿಮೆಯಾಯಿತೆಂದು ಶಟರ್ (ಬೆಳಕನ್ನು ಒಳಬಿಡುವ ಕದ) ನಿಧಾನ ಮಾಡಿದರೋ, ಇನ್ನೊಂದು ಕಥೆ ಶುರು. ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿ ಸೆಕೆಂಡಿಗೆ ಹದಿನಾರೂಮುಕ್ಕಾಲು ಮೀಟರ್ ಹೋಗುತ್ತದೆ. ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗ ತೆರೆದಿದ್ದರೆ ಗಾಡಿ ಅಷ್ಟರಲ್ಲಿ ಸರಿಯುವುದು 1.7 ಸೆಂಟಿಮೀಟರ್. ಐವತ್ತರಲ್ಲೊಂದು ಭಾಗ ತೆರೆದಿದ್ದರೆ 33 ಸೆಂಟಿಮೀಟರ್, ನಂಬರ್ ಪ್ಲೇಟಿನ 3, 8, ಬಿ ಎಲ್ಲ ಬೆರೆತು ಬಿಸಿಬೇಳೆಬಾತ್. ಸಾವಿರದಲ್ಲೊಂದು ಇಟ್ಟರೆ ಚಿತ್ರ ಕತ್ತಲುಕತ್ತಲಾಗಿ ಕಾಣುತ್ತದೆ, ಇನ್‌ಫ್ರಾರೆಡ್ ದೀಪ ಬೇಕಾಗುತ್ತದೆ. ಉದ್ಘಾಟನೆಯ ಸಂಜೆ ದೊಡ್ಡ ಪರದೆಯ ಮುಂದೆ ನಿಂತ ಗಣ್ಯರು ‘ಏನ್ರೀ, ಕತ್ತಲೆ’ ಅಂದರೆ ಅಳವಡಿಸಿದವನು ಮಾಡುವ ಮೊದಲ ಕೆಲಸ ಶಟರ್ ಹೆಚ್ಚು ಹೊತ್ತು ತೆರೆದಿಡುವುದು. ಗಣ್ಯರಿಗೆ ರಸ್ತೆ ಫಳಫಳ ಕಾಣುತ್ತದೆ, ಯಂತ್ರಕ್ಕೆ ಏನೂ ಕಾಣುವುದಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ತಗಾದೆ ಮುಗಿಯದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ನೋಡಿ. ‘ಸ್ಕೂಟರ್ ಗೆರೆಯನ್ನು’ ಎಂಬಲ್ಲಿಗೆ ಮಾತು ನಿಲ್ಲಿಸಿದರೆ ದಾಟಿತೋ, ದಾಟಲಿಲ್ಲವೋ, ಹಿಂದಿನ ಆಂಬುಲೆನ್ಸಿಗೆ ದಾರಿ ಬಿಡಲು ದಾಟಬೇಕಾಯಿತೋ ತಿಳಿಯುವುದಿಲ್ಲ. ಒಂದೇ ಒಂದು ಫೋಟೊ ಇಂಥ ಅರ್ಧ ವಾಕ್ಯ. ಉಳಿದರ್ಧವನ್ನು ಕಚೇರಿ ತುಂಬಿಕೊಡುತ್ತದೆ. ಕಚೇರಿಗೆ ಬರುವ ಕ್ರಿಯಾಪದ ಒಂದೇ: ‘ಉಲ್ಲಂಘಿಸಿರುತ್ತೀರಿ.’

ಕೆಂಪು ದೀಪದ ತಪ್ಪನ್ನು ಸರಿಯಾಗಿ ಹಿಡಿಯುವ ಕ್ರಮ ಗುಟ್ಟಿನದೇನಲ್ಲ. ಸಿಗ್ನಲ್ ಪೆಟ್ಟಿಗೆಯಿಂದಲೇ ಕ್ಯಾಮೆರಾಗೆ ತಂತಿ ಬರಬೇಕು, ಕೆಂಪು ಯಾವಾಗ ಹತ್ತಿತು ಎಂಬುದು ಊಹೆಯಾಗಬಾರದು. ಪರದೆಯ ಮೇಲೆ ಎರಡು ಗೆರೆ ಎಳೆಯಬೇಕು, ಒಂದು ಸ್ಟಾಪ್ ಲೈನಿನ ಹಿಂದೆ, ಇನ್ನೊಂದು ಜಂಕ್ಷನ್ನಿನ ಒಳಗೆ. ಕೆಂಪು ಹತ್ತಿದ ಮೇಲೆ ಗಾಡಿ ಮೊದಲನೆಯದರ ಹಿಂದಿತ್ತು, ಆಮೇಲೆ ಎರಡನೆಯದನ್ನೂ ದಾಟಿತು ಎಂಬುದು ಒಂದೇ ಗಾಡಿಯ ಬಗ್ಗೆ ಸಾಬೀತಾಗಬೇಕು, ಹಿಂದೆಮುಂದಿನ ಕೆಲವು ಸೆಕೆಂಡಿನ ವಿಡಿಯೊ ಜೊತೆಗಿರಬೇಕು. ತಂತಿ ಎಳೆಯಲು ರಸ್ತೆ ಅಗೆಯಬೇಕು, ಅಗೆಯಲು ಬೇರೆ ಇಲಾಖೆಯ ಅನುಮತಿ ಬೇಕು (ಬೇಡದಿದ್ದಾಗ ಅಗೆಯುವುದಕ್ಕೆ ಮಾತ್ರ ಯಾರ ಅನುಮತಿಯೂ ಬೇಕಿಲ್ಲ). ಹಾಗಾಗಿ ತಂತಿ ಬಿಟ್ಟು ಎರಡು ಗಡಿಯಾರಗಳನ್ನು ನಂಬಿದರೆ, ಅವುಗಳ ನಡುವೆ ಅರ್ಧ ಸೆಕೆಂಡಿನ ಅಂತರವಿದ್ದರೂ ಸಾಕು. 40 ಕಿಲೋಮೀಟರ್ ವೇಗದ ಗಾಡಿ ಅಷ್ಟರಲ್ಲಿ ಐದೂವರೆ ಮೀಟರ್ ಮುಂದಿರುತ್ತದೆ. ಹಳದಿಯಲ್ಲಿ ದಾಟಿದವನು ಕೆಂಪಿನಲ್ಲಿ ದಾಟಿದವನಾಗಲು ಅದು ಧಾರಾಳ.

‘ಒಂದೇ ಗಾಡಿ’ ಎಂಬುದನ್ನು ಸಾಬೀತು ಮಾಡುವುದು ಇನ್ನೂ ಕಷ್ಟ. ವಿಡಿಯೊದ ಪ್ರತಿ ಫ್ರೇಮಿನಲ್ಲೂ, ಅಂದರೆ ಬಿಡಿ ಚಿತ್ರದಲ್ಲೂ, ಗಾಡಿಗಳಿಗೆ ಚೌಕಟ್ಟು ಹಾಕಿ, ಹಿಂದಿನ ಫ್ರೇಮಿನ ಚೌಕಟ್ಟಿನೊಂದಿಗೆ ತಾಳೆ ಹಾಕಿ, ಒಂದೊಂದಕ್ಕೂ ಕ್ರಮಸಂಖ್ಯೆ ಕೊಡುವ ಗುಮಾಸ್ತನಿಗೆ ಟ್ರ್ಯಾಕರ್ ಎಂದು ಹೆಸರು. ಮುಂದಿನ ಫ್ರೇಮಿನಲ್ಲಿ ಗಾಡಿ ಎಲ್ಲಿರುತ್ತದೆ ಎಂದು ಅಂದಾಜಿಸಲು ಅವನು ಹೆಚ್ಚಾಗಿ ಬಳಸುವುದು 1960ರ ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕದ ವಿಧಾನ. ಅದರ ಸಾಮಾನ್ಯ ನಂಬಿಕೆ: ಗಾಡಿ ಇದೇ ದಿಕ್ಕಿನಲ್ಲಿ, ಇದೇ ವೇಗದಲ್ಲಿ ಹೋಗುತ್ತದೆ. ಈ ನಂಬಿಕೆಯನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ತಂದು ಬಿಟ್ಟರೆ ಗತಿಯೇನು? ಎರಡು ಬಸ್ಸಿನ ಸಂದಿಯಲ್ಲಿ ಓರೆಯಾಗಿ ನುಗ್ಗಿ, ಗುಂಡಿ ಕಂಡು ಎಡಕ್ಕೆ ವಾಲಿ, ಫುಟ್‌ಪಾತ್ ಹತ್ತಿ ಇಳಿಯುವ ಸ್ಕೂಟರಿಗೆ ದಿಕ್ಕೂ ಇಲ್ಲ, ವೇಗವೂ ಇಲ್ಲ, ಇರುವುದು ಆಸೆ ಮಾತ್ರ. ಅದು ಬಸ್ಸಿನ ಮರೆಗೆ ಹೋಯಿತೆನ್ನಿ. ಕಾಣೆಯಾದವರನ್ನು 30 ಫ್ರೇಮಿನವರೆಗೆ ನೆನಪಿಟ್ಟುಕೋ ಎಂದು ಟ್ರ್ಯಾಕರಿಗೆ ಹೇಳಿದ್ದರೆ, ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಅದು ಒಂದೂಕಾಲು ಸೆಕೆಂಡಿಗಿಂತ ಕಡಿಮೆ. ಬಸ್ಸು ಸಿಗ್ನಲ್ಲಿನಲ್ಲಿ ನಿಲ್ಲುವುದು ಒಂದೂವರೆ ನಿಮಿಷ. ಅಲ್ಲಿಗೆ ಸ್ಕೂಟರ್ ತೀರಿಕೊಂಡಿತು. ಬಸ್ಸಿನ ಆಚೆ ಅದು ಹೊಸ ಸಂಖ್ಯೆಯೊಂದಿಗೆ ಪುನರ್ಜನ್ಮ ತಾಳುತ್ತದೆ, ಅದರ ಹಳೆಯ ಸಂಖ್ಯೆ ಪಕ್ಕದ ಆಟೊಗೆ ಅಂಟಿಕೊಂಡರೂ ಅಂಟಿಕೊಂಡಿತೇ. ಹಿಂದಿನ ಜನ್ಮದ ಕರ್ಮ ಈ ಜನ್ಮಕ್ಕೆ ಬರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಪಕ್ಕದವನ ಖಾತೆಗೆ ಬರುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ.

ಇನ್ನು ಗುಂಡಿ. ಇಷ್ಟು ಕಣ್ಣುಗಳಿದ್ದೂ (2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಜಂಕ್ಷನ್ನುಗಳಿಗೆ ಬಂದದ್ದೇ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಕೆಂಪು ದೀಪ ಕಾಯುವ 80) ಗುಂಡಿ ಯಾಕೆ ಕಾಣುವುದಿಲ್ಲ ಎಂದು ಜನ ಗೊಣಗುತ್ತಾರೆ. ವಿಡಿಯೊ ವಿಶ್ಲೇಷಣೆಯ ಹಳೆಯ ಪಾಠವೊಂದು ಇದಕ್ಕೆ ಉತ್ತರ ಕೊಡುತ್ತದೆ. ಚಲಿಸುವುದನ್ನು ಹಿಡಿಯಬೇಕಾದರೆ ಚಲಿಸದೇ ಇರುವುದನ್ನು ಮೊದಲು ಕಳೆಯಬೇಕು. ಇದಕ್ಕೆ ಹಿನ್ನೆಲೆ ಕಳೆಯುವುದು ಎನ್ನುತ್ತಾರೆ. ಎಲ್ಲರೂ ಬಳಸುವ ಓಪನ್‌ಸಿವಿ ಎಂಬ ಚಿತ್ರ ವಿಶ್ಲೇಷಣೆಯ ತಂತ್ರಾಂಶದಲ್ಲಿ ಈ ಕೆಲಸದ ನೆನಪಿನ ಉದ್ದ, ನೀವಾಗಿ ಬದಲಿಸದಿದ್ದರೆ, 500 ಫ್ರೇಮ್. ಅಂದರೆ 20 ಸೆಕೆಂಡು. ಅಲುಗಾಡದೆ ನಿಂತದ್ದು ಆ 20 ಸೆಕೆಂಡು ತುಂಬುವುದರೊಳಗೇ ಹಿನ್ನೆಲೆಗೆ ಕರಗಿಹೋಗುತ್ತದೆ. ರಸ್ತೆ ಮಧ್ಯೆ ಡಬಲ್ ಪಾರ್ಕಿಂಗ್ ಮಾಡಿ ಟೀ ಕುಡಿಯಲು ಹೋದವನ ಕಾರು ಟೀ ಸೋಸುವ ಮೊದಲೇ ರಸ್ತೆಯ ಭಾಗ. ಗುಂಡಿ, ಕಸದ ರಾಶಿ, ಅರ್ಧ ಅಗೆದು ಬಿಟ್ಟ ಚರಂಡಿ ಇವೆಲ್ಲ ಆ ಪರೀಕ್ಷೆಯಲ್ಲಿ ತಿಂಗಳುಗಟ್ಟಲೆ ಹಿಂದೆಯೇ ಪಾಸಾಗಿವೆ. ನೆನಪನ್ನು ಉದ್ದ ಮಾಡಿ, ‘ನಿಂತ ವಸ್ತು’ ಎಂದು ಬೇರೆ ನಿಯಮ ಬರೆದರೆ ಯಂತ್ರ ಇವನ್ನೂ ತೋರಿಸುತ್ತದೆ. ಬರೆಸುವವರು ಬೇಕಷ್ಟೆ. ಕ್ಯಾಮೆರಾ ಕಂಡ ತಪ್ಪಿಗೆ ನೋಟಿಸನ್ನು 15 ದಿನದೊಳಗೆ ಕಳಿಸಬೇಕೆಂದು 2021ರ ಕೇಂದ್ರ ನಿಯಮ ಹೇಳಿತು. ಗುಂಡಿಗೆ ಅಂಥ ಗಡುವು ಹಾಕಿದವರಿಲ್ಲ.

ನಮ್ಮೂರಿನ ಕ್ಯಾಮೆರಾ ಮಾತ್ರ ಹೀಗೆ ಎಂದುಕೊಳ್ಳಬೇಡಿ. 2020ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಫುಟ್‌ಬಾಲ್ ಪಂದ್ಯವನ್ನು ಎಐ ಕ್ಯಾಮೆರಾ ತಾನೇ ಹಿಂಬಾಲಿಸಿ ನೇರಪ್ರಸಾರ ಮಾಡಬೇಕಿತ್ತು. ಅದು ಚೆಂಡು ಬಿಟ್ಟು ಲೈನ್ಸ್‌ಮನ್ನಿನ ಬೋಳುತಲೆಯನ್ನು ಹಿಂಬಾಲಿಸಿತು. ಯಂತ್ರದ ನ್ಯಾಯದಲ್ಲಿ ತಪ್ಪಿಲ್ಲ: ದುಂಡಗಿದೆ, ಹೊಳೆಯುತ್ತದೆ, ಚೆಂಡಿನಂತೆ ಯಾರ ಕಾಲಿನಡಿಯೂ ಮರೆಯಾಗುವುದಿಲ್ಲ. ಚೆಂಡು ಒದ್ದಾಗ ಹಾರುತ್ತದೆ, ತಲೆ ಹಾರುವುದಿಲ್ಲ ಎಂಬ ಒಂದೇ ವ್ಯತ್ಯಾಸ ಕಾಲದಲ್ಲಿದೆ, ಆಕಾರದಲ್ಲಿಲ್ಲ. ಇಂಗ್ಲೆಂಡಿನ ಬಾತ್ ನಗರದಲ್ಲಿ 2021ರಲ್ಲಿ ಬಸ್ ಲೇನಿನೊಳಗೆ ನಡೆದುಹೋಗುತ್ತಿದ್ದ ಮಹಿಳೆಯ ಟೀ ಶರ್ಟಿನ ಮೇಲೆ ‘ನಿಟ್ಟರ್’ (KNITTER, ಹೆಣೆಯುವವಳು) ಎಂದಿತ್ತು, ಬ್ಯಾಗಿನ ಪಟ್ಟಿ ಅಕ್ಷರಗಳ ಮೇಲೆ ಬಿದ್ದಿತ್ತು. ಕ್ಯಾಮೆರಾ ಅದನ್ನು ವಾಹನದ ನಂಬರೆಂದು ಓದಿ, ದೂರದ ಸರ್ರೆಯಲ್ಲಿದ್ದ ವ್ಯಾನಿನ ಮಾಲೀಕರಿಗೆ ದಂಡ ಕಳಿಸಿತು. ವ್ಯಾನಿಗೂ ಹೆಂಗಸಿಗೂ ನಡೆಯುವ ಗತಿ ಬೇರೆ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಯುಧಪೂಜೆಯ ಮರುದಿನ ಕುಂಕುಮ, ವಿಭೂತಿ, ಬಾಳೆಕಂದು ಮೆತ್ತಿಕೊಂಡ ನಮ್ಮ ನಂಬರ್ ಪ್ಲೇಟ್ ಅದಕ್ಕೆ ಏನಾಗಿ ಕಂಡೀತೋ.

‘ಆದರೂ 99 ಪರ್ಸೆಂಟ್ ನಿಖರತೆ ಇದೆಯಲ್ಲ’ ಎನ್ನುತ್ತಾರೆ ಮಾರುವವರು. ಇರಲಿ, ಕೊಟ್ಟೇಬಿಡೋಣ. ದಿನಕ್ಕೆ 1 ಲಕ್ಷ ಕಾರು ಹಾದುಹೋಗುತ್ತವೆ, 5,000 ಮಂದಿ ಬೆಲ್ಟ್ ಹಾಕಿಲ್ಲ ಎಂದುಕೊಳ್ಳಿ. ಯಂತ್ರ ಅವರಲ್ಲಿ 4,950 ಮಂದಿಯನ್ನು ಹಿಡಿಯುತ್ತದೆ, ಶಹಬ್ಬಾಸ್. ಬೆಲ್ಟ್ ಹಾಕಿದ 95,000 ಮಂದಿಯಲ್ಲಿ ನೂರಕ್ಕೊಬ್ಬರಂತೆ 950 ಮಂದಿಯನ್ನೂ ಹಿಡಿಯುತ್ತದೆ. ಒಟ್ಟು 5,900 ನೋಟಿಸ್, ಆರರಲ್ಲಿ ಒಂದು ಸುಳ್ಳು. ಟೆಂಡರಿನಲ್ಲಿ ‘ನಿಖರತೆ’ ಎಂದು ಬರೆದವರು ಯಾವುದರಲ್ಲಿ ಯಾವುದು ಎಂದು ಬರೆದಿದ್ದರೆ ಈ ಗುಣಾಕಾರ ಮೊದಲೇ ಆಗುತ್ತಿತ್ತು.

ಅದಕ್ಕೇ ಮನುಷ್ಯರೂ ಪರಿಶೀಲಿಸುತ್ತಾರಲ್ಲ? ಇಬ್ಬರು ಸಿಬ್ಬಂದಿ ಎಂಟು ಗಂಟೆ ಊಟ ಬಿಟ್ಟು ಕೂತರೆ ಆ 5,900ರಲ್ಲಿ ಒಂದೊಂದು ಚಿತ್ರಕ್ಕೆ ಸಿಗುವುದು ಹತ್ತು ಸೆಕೆಂಡು. ಎದುರಿಗಿರುವುದು ವಿಡಿಯೊ ಅಲ್ಲ, ಬೆಂಕಿಪೊಟ್ಟಣದಷ್ಟು ಫೋಟೊ, ಅದರ ಸುತ್ತ ಯಂತ್ರ ಆಗಲೇ ಎಳೆದಿಟ್ಟ ಕೆಂಪು ಚೌಕಟ್ಟು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನಲು ಹತ್ತು ಸೆಕೆಂಡೂ ಬೇಡ. ಹತ್ತು ಫ್ರೇಮ್ ನೋಡಿ ಏಳರಲ್ಲಾದರೂ ಬೆಲ್ಟ್ ಕಾಣದಿದ್ದರೆ ಮಾತ್ರ ಕಳಿಸು ಎಂಬ ಒಂದು ಸಾಲಿನ ನಿಯಮ ಈ ಸುಳ್ಳುಗಳಲ್ಲಿ ಎಷ್ಟನ್ನೋ ಹುಟ್ಟುವ ಮೊದಲೇ ತಡೆಯುತ್ತದೆ. ಗಾಡಿ ಮುಂದೆ ಸರಿದಂತೆ ಗಾಜಿನ ಪ್ರತಿಬಿಂಬ ಸರಿಯುತ್ತದೆ, ಬೆಲ್ಟು ಸರಿಯುವುದಿಲ್ಲ. (ಕರಿ ಅಂಗಿಗೆ ಈ ಮದ್ದು ನಾಟದು. ಹತ್ತಕ್ಕೆ ಹತ್ತೂ ಫ್ರೇಮಿನಲ್ಲಿ ಅದು ಕರಿಯೇ. ಅಲ್ಲಿ ಬೇಕಾದದ್ದು ‘ಗೊತ್ತಿಲ್ಲ’ ಎನ್ನುವ ಗುಂಡಿ, ಅದನ್ನು ಕೀಬೋರ್ಡಿನಲ್ಲಿ ಇಟ್ಟಿಲ್ಲ.)

2019ರಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಟ್ರಾಫಿಕ್ ಪೊಲೀಸ್ ಸಮವಸ್ತ್ರ ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿದ್ದರು. ಜನ ನಕ್ಕರು, ಹೊಲದ ಬೆರ್ಚಪ್ಪ ಪೇಟೆಗೆ ಬಂದ ಎಂದರು. ಈಗ ಆ ಬೊಂಬೆಯ ಮೇಲೆ ಗೌರವ ಮೂಡುತ್ತಿದೆ. ಅದೂ ಏನನ್ನೂ ನೋಡುತ್ತಿರಲಿಲ್ಲ, ಆದರೆ ನೋಡಿದೆ ಎಂದು ಪತ್ರ ಬರೆಯುತ್ತಿರಲಿಲ್ಲ.

ಸದ್ಯದ ಪರಿಹಾರವೆಂದರೆ ಬಿಳಿ ಅಂಗಿ. ಕರಿ ಕೋಟಿನ ವಕೀಲರಿಗೆ ಅದು ಆಗದು, ನಿಮ್ಮ ದಂಡದ ವಿರುದ್ಧ ವಾದಿಸಲು ಹೊರಟವರೇ ದಾರಿಯಲ್ಲಿ ಇನ್ನೊಂದು ತರುತ್ತಾರೆ. ಅವರಿಗಿಂತ ಕಷ್ಟ ಅಯ್ಯಪ್ಪ ಮಾಲೆ ಹಾಕಿದವರದು. ವ್ರತ 41 ದಿನ, ಉಡುಪು ಕರಿ, ಬೆಲ್ಟ್ ಕರಿ, ಕರ್ನಾಟಕದಲ್ಲಿ ಬೆಲ್ಟಿನ ದಂಡ 500. ದಿನಕ್ಕೊಂದರಂತೆ ಬಂದರೆ 20,500 ರೂಪಾಯಿ. ಕಟ್ಟುವ ಅವಸರ ಬೇಡ, 2023ರ ಫೆಬ್ರವರಿಯಂತೆ ಇನ್ನೊಮ್ಮೆ ಅರ್ಧ ರಿಯಾಯಿತಿ ಬಂದರೆ 10,250ಕ್ಕೆ ಮುಗಿಯುತ್ತದೆ. ಸ್ವಾಮಿಯೇ ಶರಣಂ.